ಮೂತಿ ಮೇಷ್ಟ್ರು ಮತ್ತು ನೋಯದ ಸೂಜಿ

ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಮೂರು ಕೋಣೆಗಳಿದ್ದವು. ಒಂದರಲ್ಲಿ ಕಾಲು ಮುರಿದ ಕುರ್ಚಿಗಳು, ಇನ್ನೊಂದರಲ್ಲಿ ನೀರೆತ್ತುವ ಪಂಪು, ಮೂರನೆಯದರಲ್ಲಿ ಮೂತಿ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಅವರು ಅಲ್ಲೇ ಇದ್ದರು. ಸಂಸ್ಥೆಗೆ ಬರುವ ಮೊದಲು ಸ್ವಲ್ಪ ಕಾಲ ಕಾಲೇಜಿನಲ್ಲಿ ಪಾಠ ಮಾಡಿದ್ದರಿಂದ ಮೇಷ್ಟ್ರು ಎಂಬುದು ಉಳಿದುಕೊಂಡಿತ್ತು. ಸೊಳ್ಳೆಯ ಮೂತಿಯೊಂದನ್ನು ಬಿಟ್ಟರೆ ಲೋಕದ ಬೇರೆ ಯಾವ ವಿಷಯಕ್ಕೂ ಬಾಯಿ ಬಿಡದೆ ಇದ್ದುದರಿಂದ ಮೂತಿ ಎಂಬುದು ಆಮೇಲೆ ಬಂದು ಅಂಟಿಕೊಂಡಿತು.

ಆ ಕೋಣೆಯ ಒಂದು ಗೋಡೆಯುದ್ದಕ್ಕೂ ಬಿಳಿಯ ಟ್ರೇಗಳು. ಅವುಗಳ ನೀರಿನಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಎದುರು ಗೋಡೆಗೆ ಬಲೆಯ ಪಂಜರಗಳು. ಗಂಡು ಸೊಳ್ಳೆ ರಕ್ತ ಕುಡಿಯುವುದಿಲ್ಲ. ಅವಕ್ಕೆ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ ಸಾಕು. ಹೆಣ್ಣುಗಳಿಗೆ ಮೊಟ್ಟೆ ಇಡಲು ರಕ್ತ ಬೇಕು. ವಾರಕ್ಕೆರಡು ಸಲ ಮೇಷ್ಟ್ರು ಎಡಗೈಯನ್ನು ಪಂಜರದ ಬಟ್ಟೆಯ ತೋಳಿನೊಳಗೆ ತೂರಿಸಿ, ಬಲಗೈಯಲ್ಲಿ ಪುಸ್ತಕ ಹಿಡಿದು, ಹತ್ತು ನಿಮಿಷ ಓದುತ್ತ ಕೂರುತ್ತಿದ್ದರು. ರೋಗ ತಾಗದ ಹಾಗೆ ಅಲ್ಲಿಯೇ ಹುಟ್ಟಿ ಬೆಳೆದ ಸೊಳ್ಳೆಗಳಾದ್ದರಿಂದ ಅವರಿಗೆ ತುರಿಕೆಯೊಂದನ್ನು ಬಿಟ್ಟು ಬೇರೆ ತೊಂದರೆ ಇರಲಿಲ್ಲ. ಈಚೆಗೆ ಆ ತುರಿಕೆಯೂ ನಿಂತುಹೋಗಿತ್ತು.

ಮನೆಯಲ್ಲಿ ಅವರ ತಾಯಿಗೆ ಈ ಉದ್ಯೋಗ ಇನ್ನೂ ಅರ್ಥವಾಗಿರಲಿಲ್ಲ. ಬಂದ ನೆಂಟರು ಮಗ ಏನು ಮಾಡುತ್ತಾನೆ ಎಂದು ಕೇಳಿದರೆ, "ಊರಿನವರೆಲ್ಲ ಸೊಳ್ಳೆ ಓಡಿಸೋಕೆ ಹೊಗೆ ಹಾಕ್ಕೋತಾರೆ. ನನ್ನ ಮಗ ಅವಕ್ಕೆ ಊಟ ಹಾಕಿ ಸಂಬಳ ತಗೋತಾನೆ," ಎನ್ನುತ್ತಿದ್ದರು.

ಮೇಷ್ಟ್ರ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆಯುವ ಸಿಸ್ಟರ್. ದಿನಕ್ಕೆ ನಲವತ್ತು ಐವತ್ತು ತೋಳುಗಳು ಅವರ ಮುಂದೆ ಬಂದು ಚಾಚಿಕೊಳ್ಳುತ್ತಿದ್ದವು. ಬೇರೆ ಕಿಟಕಿ ಖಾಲಿಯಿದ್ದರೂ ಜನ ಸೂಜಿ ಸಿಸ್ಟರ್ ಎಲ್ಲಿ ಎಂದು ಕೇಳಿಕೊಂಡು ಅವರ ಸಾಲಿನಲ್ಲೇ ನಿಲ್ಲುತ್ತಿದ್ದರು. ನರ ಸಿಗದ ಮುದುಕರು, ಹತ್ತು ಕಡೆ ಚುಚ್ಚಿಸಿಕೊಂಡು ರೋಸಿಹೋದವರು, ಸೂಜಿ ಕಂಡರೆ ಮಂಚದ ಕೆಳಗೆ ಸೇರುವ ಮಕ್ಕಳು, ಎಲ್ಲರನ್ನೂ ಕೊನೆಗೆ ಅವರ ಬಳಿಗೇ ಕಳಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಚುಚ್ಚುವ ಕಸುಬಿನವರೇ. ಆದರೂ ಮನೆಯಲ್ಲಿ ಅದರ ಮಾತೇ ಬರುತ್ತಿರಲಿಲ್ಲ. ದಿನವೆಲ್ಲ ಅದನ್ನೇ ಮಾಡಿ ಬಂದ ಸಿಸ್ಟರ್‌ಗೆ ಆ ಸುದ್ದಿ ಬೇಡವಾಗಿತ್ತು. ಮೇಷ್ಟ್ರಿಗೋ, ಮನುಷ್ಯರ ಸೂಜಿ ಎಂದರೆ ಮೊಂಡು ಕಬ್ಬಿಣ, ಅದರಲ್ಲಿ ಮಾತಾಡುವುದೇನಿದೆ ಎಂಬ ತಾತ್ಸಾರ.

ಹೀಗಿರುವಾಗ ಸಂಸ್ಥೆಯ ನಿರ್ದೇಶಕರು ದೂರದ ಒಂದು ಸಮ್ಮೇಳನಕ್ಕೆ ಹೋಗಿಬಂದರು. ಅಲ್ಲಿ ಊಟದ ಸಾಲಿನಲ್ಲಿ ಅವರ ಮುಂದೆ ನಿಂತಿದ್ದ ಯಾರೋ ಒಬ್ಬರು, ಸೊಳ್ಳೆಯ ಮೂತಿಯನ್ನು ನೋಡಿ ನೋವಾಗದ ಸೂಜಿ ಮಾಡುವ ಪ್ರಯತ್ನ ಎಲ್ಲ ಕಡೆ ನಡೆದಿದೆ, ನಿಮ್ಮಲ್ಲಿ ಹೇಗೆ ಎಂದು ಕೇಳಿದರಂತೆ. ನಿರ್ದೇಶಕರು ಕಣ್ಣು ಮಿಟುಕಿಸದೆ, ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ನಡೆದಿದೆ ಎಂದುಬಿಟ್ಟರು. ಮರಳಿ ಬಂದ ಮೇಲೆ ಆ ಮಾತನ್ನು ನಿಜ ಮಾಡುವುದು ಬಾಕಿಯಿತ್ತು. ಒಂದು ತಿಂಗಳ ಹಿಂದಷ್ಟೇ ಅವರು ನೆಲಮಾಳಿಗೆಯ ಸೊಳ್ಳೆ ವಿಭಾಗವನ್ನು ಮುಚ್ಚಿ ಅಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಮಾಡುವ ಆದೇಶಕ್ಕೆ ಸಹಿ ಹಾಕಿದ್ದರು. ಆ ಆದೇಶ ಎರಡನೇ ಮಹಡಿಯಿಂದ ಮೊದಲ ಮಹಡಿಗೆ ಇಳಿದು, ಯಾರದೋ ಮೇಜಿನ ಮೇಲೆ ಸುಧಾರಿಸಿಕೊಳ್ಳುತ್ತಿತ್ತು. ನಿರ್ದೇಶಕರು ಅದನ್ನು ಎತ್ತಿ ಜೇಬಿಗಿಟ್ಟುಕೊಂಡು, ಸಂಸ್ಥೆಗೆ ಬಂದ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ನೆಲಮಾಳಿಗೆಯ ಮೆಟ್ಟಿಲಿಳಿದರು.

ಮೇಷ್ಟ್ರು ಅವರನ್ನು ಪಂಪು ರಿಪೇರಿಯವರು ಎಂದುಕೊಂಡು ಪಕ್ಕದ ಬಾಗಿಲು ತೋರಿಸಿದರು. ಗುರುತು ಸಿಕ್ಕ ಮೇಲೆ ಸ್ಟೂಲು ಒರೆಸಿ ಕೂರಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದು ಹೆಣ್ಣು ಸೊಳ್ಳೆಯ ಮೂತಿಯನ್ನು ಇಟ್ಟು ತೋರಿಸಿದರು. ಹೊರಗೆ ಕಾಣುವ ಸೊಂಡಿಲು ಬರೀ ಒರೆ ಎಂದು ವಿವರಿಸಿದರು. ಅದು ಒಳಗೆ ಹೋಗುವುದಿಲ್ಲ. ಚರ್ಮದ ಮೇಲೆ ಊರಿಕೊಂಡು, ಮಡಿಸಿದ ಮೊಣಕೈಯ ಹಾಗೆ ಹಿಂದಕ್ಕೆ ಬಾಗಿ ನಿಲ್ಲುತ್ತದೆ. ಒಳಗಿಳಿಯುವುದು ಕೂದಲಿಗಿಂತ ತೆಳ್ಳನೆಯ ಆರು ಎಳೆಗಳ ಕಟ್ಟು. ಎರಡರ ತುದಿಯಲ್ಲಿ ಗರಗಸದ ಹಲ್ಲುಗಳಿವೆ. ಒಂದು ಮುಂದೆ ಹೋದರೆ ಒಂದು ಹಿಂದೆ ಬಂದು, ಒತ್ತದೆ, ಸರಸರ ದಾರಿ ಬಿಡಿಸುತ್ತವೆ. ಇನ್ನೆರಡು ಆ ದಾರಿ ಮುಚ್ಚಿಕೊಳ್ಳದಂತೆ ಅಗಲಿಸಿ ಹಿಡಿಯುತ್ತವೆ. ಒಂದರೊಳಗಿಂದ ಎಂಜಲು ಇಳಿಯುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ, ಕಚ್ಚಿಸಿಕೊಂಡವರಿಗೆ ಕೂಡಲೇ ತಿಳಿಯದ ಹಾಗೆ. ಉಳಿದದ್ದು ಹೀರುವ ಕೊಳವೆ. ಅದರ ತುದಿ ಎಷ್ಟು ಮೆತ್ತಗೆಂದರೆ, ಚರ್ಮದ ಕೆಳಗೆ ಅತ್ತಿತ್ತ ಬಾಗಿ ನರ ಎಲ್ಲಿದೆ ಎಂದು ತಡಕಾಡುತ್ತದೆ. ಇದೆಲ್ಲ ನಡೆಯುವಾಗ ಇಡೀ ಕಟ್ಟು ನವಿರಾಗಿ ನಡುಗುತ್ತಿರುತ್ತದೆ. ಅದಕ್ಕೇ ನಮ್ಮ ಸೂಜಿಗೆ ಬೇಕಾದ ಬಲದಲ್ಲಿ ಎಳ್ಳಷ್ಟು ಅದಕ್ಕೆ ಸಾಕು.

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದಿದ್ದುದನ್ನು ಮೇಷ್ಟ್ರು ಒಂದೂಕಾಲು ಗಂಟೆಯಲ್ಲಿ ಹೇಳಿ ಮುಗಿಸಿದರು. ನಿರ್ದೇಶಕರು ನಡುವೆ ಎರಡು ಸಲ ಕತ್ತಿನ ಹಿಂಭಾಗಕ್ಕೆ ಹೊಡೆದುಕೊಂಡರು. ಕೊನೆಗೆ ಈ ಆರರಲ್ಲಿ ಮುಖ್ಯವಾದ ಒಂದನ್ನು ಮಾತ್ರ ಹೇಳಿ ಎಂದರು.

"ಒಂದು ಅಂತ ಇಲ್ಲ ಸಾರ್. ಆರೂ ಒಟ್ಟಿಗೆ ಕೆಲಸ ಮಾಡಿದ್ರೇನೆ ಅದು ಮೂತಿ," ಎಂದರು ಮೇಷ್ಟ್ರು.

ನಿರ್ದೇಶಕರಿಗೆ ಈ ಉತ್ತರ ರುಚಿಸಲಿಲ್ಲ. ಆದರೂ ಮರುದಿನವೇ ಸಮಿತಿಯೊಂದು ಹುಟ್ಟಿಕೊಂಡಿತು. ನಿರ್ದೇಶಕರು ಅಧ್ಯಕ್ಷರು. ಕಟ್ಟಡ ವಿಭಾಗದವರು, ಪ್ರಚಾರ ವಿಭಾಗದವರು, ಕಾನೂನು ಸಲಹೆಗಾರರು, ಹೀಗೆ ಹನ್ನೊಂದು ಮಂದಿ. ಮೇಷ್ಟ್ರನ್ನು ವಿಶೇಷ ಆಹ್ವಾನಿತರು ಎಂದು ಕರೆದರು. ಹಾಗೆಂದರೆ ಕುರ್ಚಿ ಉಂಟು, ಮತ ಇಲ್ಲ. ಯಂತ್ರ ತಯಾರಿಸಲು ಒಬ್ಬ ಇಂಜಿನಿಯರ್ ಹುಡುಗಿಯನ್ನು ನೇಮಿಸಿದರು. ಹುಡುಗಿ ಚುರುಕು. ಕೆಲಸಕ್ಕೆ ಸೇರಿದ ವಾರದಲ್ಲೇ ನೆಲಮಾಳಿಗೆಗೆ ಬಂದು, ಮೇಷ್ಟ್ರು ತೆಗೆದಿದ್ದ ವೀಡಿಯೊಗಳನ್ನೆಲ್ಲ ನೋಡಿ, ತಾನೂ ಒಂದು ಸಲ ಪಂಜರದೊಳಗೆ ಕೈಯಿಟ್ಟು, ಕಚ್ಚಿದ್ದು ಗೊತ್ತಾಗಲಿಲ್ಲ ಎಂದು ಬೆರಗಾಗಿ, ಆರು ಎಳೆಗೂ ಒರೆಗೂ ಸರಿಯಾಗಿ ಲೆಕ್ಕ ಹಾಕಿದ ಒಂದು ನಕ್ಷೆ ಬರೆದು ತಂದಳು.

ಮೊದಲ ಸಭೆಯಲ್ಲಿ ಆ ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ಒಂದು ಸೂಜಿಗೇ ಹೆದರುವ ಜನರಿಗೆ ಆರು ಸೂಜಿ ತೋರಿಸುವುದು ಯಾವ ಜಾಣತನ ಎಂದು ಪ್ರಚಾರದವರು ಕೇಳಿದರು. ಎಲ್ಲರೂ ತಲೆಯಾಡಿಸಿದರು. ಆರು ಹೋಗಿ ಒಂದಾಯಿತು. ಎರಡನೆಯ ಸಭೆಯಲ್ಲಿ ಕಾನೂನಿನವರು, ಆಸ್ಪತ್ರೆಗೆ ಹೋಗುವ ಕಾಗದದಲ್ಲಿ ಗರಗಸ ಎಂಬ ಪದ ಕಾಣಿಸಿದರೆ ಮುಂದಾಗುವ ಅನಾಹುತಕ್ಕೆ ತಾವು ಹೊಣೆಯಲ್ಲ ಎಂದರು. ಹಲ್ಲು ಉದುರಿತು. ಎಂಜಲಿನ ಬದಲು ಒಂದು ಹನಿ ಮರಗಟ್ಟಿಸುವ ಔಷಧಿ ಬಿಡಬಹುದು ಎಂದು ಹುಡುಗಿ ಹೇಳಿದಳು. ಔಷಧಿ ಎಂದೊಡನೆ ಬೇರೆ ಇಲಾಖೆಯ ಒಪ್ಪಿಗೆ ಬೇಕು, ಅಷ್ಟರಲ್ಲಿ ನಾವೆಲ್ಲ ನಿವೃತ್ತರಾಗಿರುತ್ತೇವೆ ಎಂದು ನಿರ್ದೇಶಕರು ಅದನ್ನೂ ಒರೆಸಿಹಾಕಿದರು. ಚರ್ಮವನ್ನು ಬಿಗಿಹಿಡಿದು ಹಿಂದಕ್ಕೆ ಬಾಗುವ ಒರೆ, ನೋಡಿದವರಿಗೆ ಮುರಿದುಹೋದ ಹಾಗೆ ಕಾಣುತ್ತದೆ ಎಂದು ಕಟ್ಟಡ ವಿಭಾಗದವರು ಅಭಿಪ್ರಾಯಪಟ್ಟರು. ಅದರ ಜಾಗಕ್ಕೆ ತಿಳಿ ನೀಲಿ ಬಣ್ಣದ ನುಣುಪಾದ ಪ್ಲಾಸ್ಟಿಕ್ ಚಿಪ್ಪು ಬಂತು.

ಕೊನೆಗೆ ಉಳಿದದ್ದು ನಡುಕ ಮಾತ್ರ. ಅದು ಎಲ್ಲರಿಗೂ ಇಷ್ಟವಾಯಿತು, ಏಕೆಂದರೆ ಅದು ಗುಂಯ್ ಎಂದು ಕೇಳಿಸುತ್ತಿತ್ತು. ಸದ್ದು ಬಂದರೆ ಯಂತ್ರ ಕೆಲಸ ಮಾಡುತ್ತಿದೆ ಎಂದು ಜನ ನಂಬುತ್ತಾರೆ, ಅದನ್ನು ಇನ್ನೂ ಸ್ವಲ್ಪ ಜೋರು ಮಾಡಿ ಎಂದು ನಿರ್ದೇಶಕರು ಹೇಳಿದರು. ಮೇಷ್ಟ್ರು ಕೈಯೆತ್ತಿ, ಆ ಗುಂಯ್ ಬರುವುದು ರೆಕ್ಕೆಯಿಂದ, ಮೂತಿ ಸದ್ದು ಮಾಡುವುದಿಲ್ಲ ಎಂದರು. ವಿಶೇಷ ಆಹ್ವಾನಿತರ ಅಭಿಪ್ರಾಯವನ್ನು ಗಮನಿಸಲಾಯಿತು ಎಂದು ಬರೆದುಕೊಂಡರು.

ಯಂತ್ರಕ್ಕೆ ಹೂಮುತ್ತು ಎಂದು ಹೆಸರಿಟ್ಟರು. ಪೋಸ್ಟರಿಗೆ ಒಂದು ಸೊಳ್ಳೆಯ ಚಿತ್ರ ಬೇಕಾಗಿತ್ತು. ಪ್ರಚಾರದವರು ಎಲ್ಲಿಂದಲೋ ಒಂದು ಭವ್ಯವಾದ ಚಿತ್ರ ಹುಡುಕಿ ತಂದರು. ಮುಖದ ಮುಂದೆ ಎರಡು ಗರಿಯಂಥ ಪೊದೆಮೀಸೆಗಳು. ಮೇಷ್ಟ್ರು ಅದನ್ನು ಕಂಡು ಎದೆ ಒಡೆದವರ ಹಾಗೆ ನಿರ್ದೇಶಕರ ಕೋಣೆಗೆ ಓಡಿದರು. ಪೊದೆಮೀಸೆ ಇರುವುದು ಗಂಡಿಗೆ, ಗಂಡು ಜನ್ಮದಲ್ಲಿ ಯಾರನ್ನೂ ಕಚ್ಚಿಲ್ಲ, ಅದರ ಮೂತಿಗೆ ಚರ್ಮ ತೂತು ಮಾಡುವ ಶಕ್ತಿಯೇ ಇಲ್ಲ ಎಂದು ತಿಳಿಸಿದರು.

ನಿರ್ದೇಶಕರು ಪೋಸ್ಟರನ್ನು ಕೈದೂರದಲ್ಲಿ ಹಿಡಿದು ನೋಡಿದರು. "ಇರಲಿ ಮೇಷ್ಟ್ರೇ. ಹೆಣ್ಣಿನ ಚಿತ್ರದಲ್ಲಿ ಈ ಗಾಂಭೀರ್ಯ ಬರಲ್ಲ," ಎಂದರು.

ಪ್ರದರ್ಶನದ ದಿನ ಗೊತ್ತಾಯಿತು. ಆರೋಗ್ಯ ಮಂತ್ರಿಗಳೇ ಬಂದು ಮೊದಲ ಹೂಮುತ್ತು ಪಡೆಯುವುದೆಂದು ತೀರ್ಮಾನವಾಯಿತು. ರಕ್ತ ಬರುವ ಕಾರ್ಯಕ್ರಮವಾದ್ದರಿಂದ ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಹತ್ತಿ, ಪಟ್ಟಿ ಹಿಡಿದು ಪಕ್ಕದಲ್ಲಿರಬೇಕೆಂಬ ನಿಯಮವಿತ್ತು. ಆಸ್ಪತ್ರೆಯವರು ಸೂಜಿ ಸಿಸ್ಟರನ್ನು ಕಳಿಸಿದರು. ಸಭಾಂಗಣದ ವೇದಿಕೆಯ ಹಿಂದೆ ಗಂಡ ಹೆಂಡತಿ ಎದುರುಬದುರಾದಾಗ ಇಬ್ಬರಿಗೂ ಸ್ವಲ್ಪ ನಾಚಿಕೆಯಾಯಿತು. ಇಷ್ಟು ವರ್ಷಗಳಲ್ಲಿ ಕೆಲಸದ ಜಾಗದಲ್ಲಿ ಒಬ್ಬರನ್ನೊಬ್ಬರು ನೋಡಿದ್ದು ಇದೇ ಮೊದಲು.

ಮಂತ್ರಿಗಳು ಎತ್ತರದ ದಪ್ಪ ಮನುಷ್ಯ. ಭಾಷಣದಲ್ಲಿ ಗಟ್ಟಿ ಗಂಟಲು. ಭಾಷಣ ಮುಗಿಸಿ ಕುರ್ಚಿಯಲ್ಲಿ ಕೂತು ತೋಳು ಮೇಲೆತ್ತುವ ಹೊತ್ತಿಗೆ ಗಂಟಲು ಸಣ್ಣದಾಯಿತು. ಇದನ್ನು ಮೊದಲು ನಿರ್ದೇಶಕರಿಗೆ ಮಾಡಿ ತೋರಿಸಬಹುದಲ್ಲ ಎಂದು ಪಿಸುಗುಟ್ಟಿದರು. ಅಂಥ ಗೌರವಕ್ಕೆ ತಾವು ಅರ್ಹರಲ್ಲವೆಂದು ನಿರ್ದೇಶಕರು ಕೈಮುಗಿದರು.

ಇಂಜಿನಿಯರ್ ಹುಡುಗಿ ತಿಳಿ ನೀಲಿ ಯಂತ್ರವನ್ನು ಹಿಡಿದು ಗುಂಡಿ ಒತ್ತಿದಳು. ಸಭಾಂಗಣದ ಕೊನೆಯ ಸಾಲಿನವರೆಗೂ ಗುಂಯ್ ಎಂದು ಕೇಳಿಸಿತು. ಅದು ಮಂತ್ರಿಗಳ ಎಡ ಮುಂಗೈಯ ಹತ್ತಿರ ಬರುತ್ತಿದ್ದಂತೆ ಅವರ ಬಲಗೈ ಮೇಲೆದ್ದು, ಪಟಾರ್ ಎಂದು ಬಂದು ಬಿತ್ತು. ಹೂಮುತ್ತು ಹಾರಿ ನೆಲಕ್ಕೆ ಬಡಿದು, ಚಿಪ್ಪು ಎರಡು ಹೋಳಾಗಿ, ಸೂಜಿ ಬಾಗಿ, ಅಲ್ಲಿಯೇ ಇನ್ನೂ ಸ್ವಲ್ಪ ಹೊತ್ತು ಗುಂಯ್ಗುಟ್ಟಿ ಸುಮ್ಮನಾಯಿತು.

"ಬೇಕಂತ ಹೊಡೀಲಿಲ್ಲಮ್ಮ. ಆ ಸದ್ದು ಕೇಳಿದ ಕೂಡ್ಲೇ ಕೈ ತಾನಾಗೇ ಬಂದುಬಿಡ್ತು," ಎಂದು ಮಂತ್ರಿಗಳು ಹುಡುಗಿಗೆ ಹೇಳಿದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

ಫೋಟೊ ತೆಗೆಯುವವರು ಮುಂದೆ ಸರಿಯುತ್ತಿದ್ದರು. ನಿರ್ದೇಶಕರು ಬೆವರು ಒರೆಸಿಕೊಂಡು, ಯಂತ್ರ ಬಿದ್ದಿದ್ದ ಕಡೆಗೆ ಬೆನ್ನು ಮಾಡಿ ಅಡ್ಡ ನಿಂತು, ಸಿಸ್ಟರ ಕಿವಿಯ ಬಳಿ ಬಾಗಿ, ಏನಾದರೂ ಮಾಡಿ ಒಂದು ಸೀಸೆ ರಕ್ತ ತೆಗೆದುಕೊಡಬೇಕೆಂದು ಬೇಡಿಕೊಂಡರು. ಸಿಸ್ಟರ್ ಮೊದಲು ಮಂತ್ರಿಗಳನ್ನು ಕೇಳಿದರು, ಮಾಮೂಲಿ ಸೂಜಿಯಲ್ಲಿ ತೆಗೆಯಲೇ ಎಂದು. ಮಂತ್ರಿಗಳು ಕಣ್ಣು ಮುಚ್ಚಿ ಹೂಂ ಎಂದರು. ಸಿಸ್ಟರ್ ತೋಳಿಗೆ ಪಟ್ಟಿ ಬಿಗಿದು, ತೋರುಬೆರಳ ತುದಿಯಿಂದ ಮೊಣಕೈಯ ಮಡಿಕೆಯಲ್ಲಿ ಮೆಲ್ಲಗೆ ತಡಕಿದರು. ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆಳೆದು ಬಿಗಿಮಾಡಿದರು. ಅಂಗಿಯ ಈ ಗುಂಡಿ ಮಾತ್ರ ಬೇರೆ ದಾರದಲ್ಲಿ ಹೊಲಿದಿದೆಯಲ್ಲ, ಯಾರು ಹೊಲಿದದ್ದು ಎಂದು ವಿಚಾರಿಸಿದರು. ತಾವೇ ಹೊಲಿದದ್ದೆಂದೂ, ಚಿಕ್ಕಂದಿನಲ್ಲಿ ದರ್ಜಿ ಅಂಗಡಿಯಲ್ಲಿದ್ದವರೆಂದೂ, ಈಗಲೂ ಕಾಜಾ ಹಾಕುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲವೆಂದೂ ಮಂತ್ರಿಗಳು ಸವಿಸ್ತಾರವಾಗಿ ಹೇಳಿದರು. ಹೇಳಿ ಮುಗಿಸಿ ಹಲ್ಲು ಕಚ್ಚಿಕೊಂಡು, "ಸರಿ, ಈಗ ಚುಚ್ಚಿಬಿಡಿ," ಎಂದರು.

"ಆಗಿಹೋಯ್ತು ಸಾರ್. ಹತ್ತಿ ಒತ್ತಿ ಹಿಡ್ಕೊಳ್ಳಿ," ಎಂದರು ಸಿಸ್ಟರ್. ಸೀಸೆ ತುಂಬಿತ್ತು.

ಮಂತ್ರಿಗಳು ಬೆರಗಾಗಿ ಮೈಕಿನಲ್ಲಿ, ತಮಗೆ ಏನೂ ಗೊತ್ತಾಗಲಿಲ್ಲವೆಂದು ಘೋಷಿಸಿದರು. ಸಭೆಯೆಲ್ಲ ಚಪ್ಪಾಳೆ. ನಿರ್ದೇಶಕರು ಮೈಕು ತೆಗೆದುಕೊಂಡು, ಇದು ಹೂಮುತ್ತಿನ ಐತಿಹಾಸಿಕ ವಿಜಯ ಎಂದರು. ಹಿಂದಿನ ಸಾಲುಗಳಿಗೆ ವೇದಿಕೆಯ ಮೇಲೆ ನಡೆದದ್ದು ಸರಿಯಾಗಿ ಕಂಡಿರಲಿಲ್ಲ. ಮುಂದಿನ ಸಾಲುಗಳಲ್ಲಿ ಇದ್ದವರು ಸಮಿತಿಯವರು.

ಮೇಷ್ಟ್ರು ವೇದಿಕೆಯ ತುದಿಯ ಕುರ್ಚಿಯಲ್ಲಿದ್ದರು. ಅವರು ಸಭೆಗಳಲ್ಲಿ ಎದ್ದು ನಿಲ್ಲುವ ಆಸಾಮಿಯಲ್ಲ. ಆದರೆ ಆ ಹೊತ್ತಿನಲ್ಲಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ಅದು ಯಂತ್ರ ಅಲ್ಲ. ಯಂತ್ರ ನೆಲದ ಮೇಲಿದೆ. ಅದು ನನ್ನ ಹೆಂಡತಿಯ ಕೈ," ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿ ಮತ್ತೆ ಜೋರು ಚಪ್ಪಾಳೆಯಾಯಿತು. ವಿಜ್ಞಾನಿಯಾದರೂ ಎಷ್ಟು ರಸಿಕರು ಎಂದು ಮಂತ್ರಿಗಳ ಪಕ್ಕದವರು ಹೇಳಿದರು. ಮರುದಿನದ ಪತ್ರಿಕೆಗಳಲ್ಲಿ, ನೋವಿಲ್ಲದ ಸೂಜಿ ಸಿದ್ಧ, ಹೆಂಡತಿಯ ಕೈಯಷ್ಟು ಮೃದು ಎಂದು ವಿಜ್ಞಾನಿ ಬಣ್ಣನೆ ಎಂದು ಬಂತು. ವಾರದೊಳಗೆ ಪ್ರಚಾರದವರು ಆ ಮಾತನ್ನು ಪೋಸ್ಟರಿನ ಗಂಡು ಸೊಳ್ಳೆಯ ಕೆಳಗೆ ಅಚ್ಚು ಹಾಕಿಸಿದರು.

ಪ್ರದರ್ಶನ ಮುಗಿದ ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದರು. ಅರ್ಧ ದಾರಿಯವರೆಗೆ ಸಿಸ್ಟರ್ ಕಿಟಕಿಯಾಚೆ ನೋಡುತ್ತಿದ್ದರು. ತಾನು ಎಡವಟ್ಟು ಮಾಡಿದೆ ಎಂದು ಮೇಷ್ಟ್ರು ಟಿಕೆಟನ್ನು ಮಡಿಸಿ ಮಡಿಸಿ ಕಡಲೆಯಷ್ಟು ಮಾಡಿದ್ದರು.

"ನೀವು ಎದ್ದು ನಿಂತ್ರಲ್ಲ, ಅದು ನನಗೆ ಸಾಕು," ಎಂದರು ಸಿಸ್ಟರ್. ಬಸ್ಸು ಇನ್ನೊಂದು ತಿರುವು ದಾಟಿದ ಮೇಲೆ ಮೆಲ್ಲಗೆ ಹೇಳಿದರು: "ಆದ್ರೆ ಆ ಕೈ ಹೇಗೆ ಕೆಲಸ ಮಾಡುತ್ತೆ ಅಂತ ಒಂದು ದಿನಾನೂ ಕೇಳಿಲ್ಲ ನೀವು. ಸೊಳ್ಳೆಗೆ ಕೇಳಿದ್ದೀರಿ."

ಈ ಮಾತು ಊಟದ ತಟ್ಟೆಯವರೆಗೂ ಮೇಷ್ಟ್ರನ್ನು ಹಿಂಬಾಲಿಸಿತು.

ಮೇಷ್ಟ್ರ ತಾಯಿಗೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತಲಾರರೆಂದು ಸೊಸೆಯೇ ಮನೆಯಲ್ಲಿ ತೆಗೆದುಕೊಂಡು ಹೋಗುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಸಿಸ್ಟರ್ ಮೇಜಿನ ಮೇಲೆ ಸಾಮಾನು ಹರಡುತ್ತಿದ್ದಾಗ ಮೇಷ್ಟ್ರು ಪತ್ರಿಕೆ ಮಡಿಸಿಟ್ಟು, ಭೂತಗನ್ನಡಿ ತಂದು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಇಷ್ಟು ವರ್ಷದಿಂದ ಇವಳು ಇದೇ ಮೇಜಿನ ಮೇಲೆ ನನಗೆ ಚುಚ್ತಾ ಇದಾಳೆ. ನೀನು ಅಲ್ಲೇ ಕೂತು ಪೇಪರ್ ಓದ್ತಾ ಇದ್ದೆ," ಎಂದರು ತಾಯಿ.

ಮೇಷ್ಟ್ರು ನಿಧಾನವಾಗಿ ಮಾಡುವಂತೆ ಹೆಂಡತಿಯನ್ನು ಕೇಳಿಕೊಂಡರು. ಬೆರಳಿನ ತುದಿ ನರ ಹುಡುಕುವುದನ್ನು ನೋಡಿದರು. ಹೆಬ್ಬೆರಳು ಚರ್ಮವನ್ನು ಬಿಗಿಹಿಡಿದದ್ದನ್ನು ನೋಡಿದರು. ಸೂಜಿ ನೆಟ್ಟಗೆ ಒತ್ತಲಿಲ್ಲ. ಸಿಸ್ಟರ್ ಅದನ್ನು ಚೂರು ಚೂರೇ ಹೊರಳಿಸುತ್ತ, ತಡೆದು, ಮತ್ತೆ ಸರಿಸಿದರು. ಚುಚ್ಚುವ ಜಾಗದ ಸುತ್ತ ಕಿರುಬೆರಳು ಸುಮ್ಮನೆ ನವಿರಾಗಿ ತಟ್ಟುತ್ತಿತ್ತು. ಅದು ಯಾಕೆಂದು ಮೇಷ್ಟ್ರು ಕೇಳಿದರು. ತಟ್ಟುತ್ತಿದ್ದರೆ ಚುಚ್ಚಿದ್ದು ಅಷ್ಟಾಗಿ ತಿಳಿಯುವುದಿಲ್ಲ, ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ತಾನಾಗಿ ಬಂದದ್ದು ಎಂದರು ಸಿಸ್ಟರ್.

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು. ಹೆಬ್ಬೆರಳೇ ಒರೆ, ಹೊರಳಿಕೆಯೇ ಗರಗಸ, ಬೆರಳ ತುದಿಯೇ ಕೊಳವೆಯ ಮೆತ್ತನೆಯ ಮೂತಿ ಎಂದು ಒಂದೇ ಉಸಿರಿಗೆ ಹೇಳತೊಡಗಿದರು. ಸೊಳ್ಳೆಯ ಆರು ಎಳೆಗಳ ಕಥೆಯನ್ನು ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಗೆ ಪೂರ್ತಿ ಹೇಳಿದರು. ಸಿಸ್ಟರ್ ಸೀಸೆಗೆ ಚೀಟಿ ಅಂಟಿಸುತ್ತ ಕೇಳಿಸಿಕೊಂಡರು. ಅವರಿಗೆ ಹಿಡಿಸಿದ್ದು ಹಲ್ಲಿನ ವಿಷಯ. ಸೂಜಿ ನುಣುಪಾಗಿದ್ದಷ್ಟೂ ಚರ್ಮ ಅದಕ್ಕೆ ಅಂಟಿಕೊಂಡು ಎಳೆಯುತ್ತದೆ ಎಂದು ತಮಗೂ ಅನ್ನಿಸಿದೆ, ಆದರೆ ಹೇಳಿದರೆ ಡಾಕ್ಟರರು ನಗುತ್ತಾರೆಂದು ಸುಮ್ಮನಿದ್ದುದಾಗಿ ಹೇಳಿದರು.

ಇತ್ತ ಹೂಮುತ್ತುಗಳು ಎಲ್ಲ ಆಸ್ಪತ್ರೆಗಳಿಗೂ ರವಾನೆಯಾದವು. ದೊಡ್ಡಾಸ್ಪತ್ರೆಗೆ ಮೂರು ಪೆಟ್ಟಿಗೆ ಬಂತು. ಅದನ್ನು ಬಳಸುವುದು ಹೇಗೆಂದು ಕಲಿಯಲು ಸೂಜಿ ಸಿಸ್ಟರನ್ನೇ ಮೂರು ದಿನದ ತರಬೇತಿಗೆ ಕಳಿಸಿದರು. ಹಿಂದೆಂದೂ ಯಾರಿಗೂ ಚುಚ್ಚಿರದ ತರಬೇತುದಾರರು, ಹೆಂಡತಿಯ ಕೈಯಷ್ಟು ಮೃದುವಾಗಿ ಹಿಡಿಯಬೇಕೆಂದು ಅವರಿಗೆ ಹೇಳಿಕೊಟ್ಟು ಪ್ರಮಾಣಪತ್ರ ನೀಡಿದರು. ಮೊದಲ ವಾರದಲ್ಲೇ ರೋಗಿಗಳು ಹದಿನಾಲ್ಕು ಹೂಮುತ್ತುಗಳನ್ನು ಹೊಡೆದು ಉರುಳಿಸಿದರು. ಎರಡನೆಯ ವಾರ ಉಳಿದವು ಬೀರು ಸೇರಿದವು. ತಪ್ಪು ಯಾರದೆಂದು ತಿಳಿಯಲು ಇನ್ನೊಂದು ಸಮಿತಿ ಕೂತು, ಪ್ರದರ್ಶನದ ದಿನ ಇಂಜಿನಿಯರ್ ಹುಡುಗಿ ಗುಂಡಿಯನ್ನು ತಡವಾಗಿ ಒತ್ತಿದ್ದಳೆಂದು ಕಂಡುಹಿಡಿಯಿತು. ಅವಳ ಮೇಜನ್ನು ನೆಲಮಾಳಿಗೆಗೆ, ಮುರಿದ ಕುರ್ಚಿಗಳ ಕೋಣೆಗೆ ಸಾಗಿಸಿದರು. ನಿರ್ದೇಶಕರಿಗೆ ಬಡ್ತಿ ಸಿಕ್ಕಿತು. ಅವರು ಮಂತ್ರಾಲಯದ ಸಲಹೆಗಾರರಾಗಿ ಹೋಗಿ, ಜಿಗಣೆಯ ಬಗ್ಗೆ ಒಂದು ಸಮಿತಿ ರಚಿಸಿದರೆಂದು ಸುದ್ದಿ ಬಂತು.

ಹುಡುಗಿ ಎರಡು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಮೂರನೆಯ ದಿನ ಮೇಷ್ಟ್ರು ಅವಳನ್ನು ಮನೆಗೆ ಊಟಕ್ಕೆ ಕರೆತಂದರು. ಊಟವಾದ ಮೇಲೆ ಸಿಸ್ಟರ್ ಅವಳ ಕೈ ಹಿಡಿದು, ತಮ್ಮ ಬೆರಳುಗಳು ಮಾಡುವುದನ್ನೆಲ್ಲ ಒಂದೊಂದಾಗಿ ತೋರಿಸಿದರು. ಹುಡುಗಿ ಅಂದೇ ಮೇಜಿನ ಮೇಲೆ ಹೊಸ ನಕ್ಷೆ ಬರೆಯಲು ಶುರುಮಾಡಿದಳು. ಚರ್ಮವನ್ನು ಮೆಲ್ಲಗೆ ಹಿಗ್ಗಿಸಿ ಹಿಡಿಯುವ ಒಂದು ಮೃದು ಉಂಗುರ. ಉಂಗುರಕ್ಕೆ ಸದ್ದಿಲ್ಲದ ನಡುಕ. ನಡುವೆ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುಗಳಿರುವ ತೆಳ್ಳನೆಯ ಸೂಜಿ. ಉಂಗುರ ತೀರಾ ಅಗಲವಾಯಿತು, ಮಕ್ಕಳ ತೋಳಿಗೆ ಕೂರುವುದಿಲ್ಲ ಎಂದು ಸಿಸ್ಟರ್ ನಾಲ್ಕು ಸಲ ವಾಪಸು ಕಳಿಸಿದರು. ಮೇಷ್ಟ್ರು ಕಚ್ಚುಗಳ ಓರೆ ಸರಿಯಿಲ್ಲವೆಂದು ಆರು ಸಲ ವಾಪಸು ಕಳಿಸಿದರು. ತಾಯಿ ಮಾತ್ರ ಮೊದಲ ಸಲಕ್ಕೇ ಒಪ್ಪಿದರು. ಅವರಿಗೆ ಅದರ ಬಣ್ಣ ಹಿಡಿಸಿತ್ತು.

ಹೊಸ ಯಂತ್ರ ಎಂದು ಅರ್ಜಿ ಹಾಕಿದ್ದರೆ ಮತ್ತೆ ಹನ್ನೊಂದು ಮಂದಿ ಕೂರುತ್ತಿದ್ದರು. ನಿಯಮಾವಳಿಯನ್ನು ತಿರುವಿಹಾಕಿದ ಹುಡುಗಿಗೆ ಒಂದು ವಿಷಯ ಸಿಕ್ಕಿತು: ಇರುವ ಯಂತ್ರದ ದುರಸ್ತಿಗೆ ಸಂಸ್ಥೆಯ ಸಮಿತಿ ಬೇಕಿಲ್ಲ, ವಿಭಾಗದ ಮುಖ್ಯಸ್ಥರ ಸಹಿ ಸಾಕು. ಮೇಷ್ಟ್ರು ಇಡೀ ವಿಭಾಗಕ್ಕೆ ಒಬ್ಬರೇ ಆದ್ದರಿಂದ ಮುಖ್ಯಸ್ಥರೂ ಅವರೇ. ಹೂಮುತ್ತಿನ ದುರಸ್ತಿ ಎಂದು ಬರೆದು ಸಹಿ ಹಾಕಿದರು. ಆಸ್ಪತ್ರೆಯ ಕಡೆಯ ಒಪ್ಪಿಗೆಗೆ ಮಾತ್ರ ಕಳ್ಳದಾರಿ ಹುಡುಕಲಿಲ್ಲ. ರೋಗಿಗಳ ವಿಷಯ ಎಂದ ಮೇಲೆ ಎಲ್ಲ ಕಾಗದವೂ ಸರಿಯಿರಬೇಕೆಂದು ಸಿಸ್ಟರ್ ಪಟ್ಟು ಹಿಡಿದರು. ಅದಕ್ಕೆ ಏಳು ತಿಂಗಳು ಹಿಡಿಯಿತು. ಮೊದಲು ಮೂವರೂ ಒಬ್ಬರ ಮೇಲೊಬ್ಬರು ಪರೀಕ್ಷಿಸಿದರು, ಆಮೇಲೆ ಒಪ್ಪಿ ಮುಂದೆ ಬಂದ ಅರವತ್ತು ಮಂದಿ ದೊಡ್ಡವರ ಮೇಲೆ. ಅರವತ್ತರಲ್ಲಿ ನಲವತ್ತೊಂದು ಮಂದಿ ಏನೂ ತಿಳಿಯಲಿಲ್ಲ ಎಂದರು. ಹದಿನೆಂಟು ಮಂದಿ ಸ್ವಲ್ಪ ತಿಳಿಯಿತು ಎಂದರು. ಒಬ್ಬರು ನಿದ್ದೆಹೋದರು.

ಒಂದು ಸೋಮವಾರ ಮಕ್ಕಳ ವಾರ್ಡಿನಲ್ಲಿ ಮೊದಲ ಸಲ ಬಳಸಲು ಅನುಮತಿ ಬಂತು. ಮೇಷ್ಟ್ರು ಬೆಳಿಗ್ಗೆಯೇ ನೋಟ್‌ಬುಕ್ಕು, ಗಡಿಯಾರ ಹಿಡಿದು ಬಾಗಿಲ ಬಳಿ ಹಾಜರಾದರು. ಹುಡುಗಿ ಉಗುರು ಕಚ್ಚುತ್ತ ಅವರ ಹಿಂದೆ ನಿಂತಳು. ತನ್ನ ತಾಯಿಯ ಮಡಿಲಲ್ಲಿ ನಾಲ್ಕು ವರ್ಷದ ಒಂದು ಪುಟ್ಟ ಹುಡುಗಿ ಬಂದು ಕೂತಳು. ಬಿಳಿ ಕೋಟು ಕಂಡ ತಕ್ಷಣ ಬಾಯಿ ಅಗಲಿಸಿ, ಕೆಳಗಿನ ಮಹಡಿಯವರಿಗೂ ಕೇಳಿಸುವಂತೆ ಅಳಲು ಶುರುಮಾಡಿದಳು. ಸಿಸ್ಟರ್ ಕೋಟು ಕಳಚಿಟ್ಟು ಮಗುವಿನ ಮುಂದೆ ಮಂಡಿಯೂರಿ, ತೋಳಿಗೆ ಉಂಗುರ ಕೂರಿಸಿದರು. ಅಳುವಿನ ನಡುವೆ ಮಗು ಒಮ್ಮೆಯೂ ಕೈ ಹಿಂದಕ್ಕೆ ಎಳೆಯಲಿಲ್ಲ, ಮುಖ ಕಿವುಚಲಿಲ್ಲ. ಸೀಸೆ ತುಂಬಿತು. ಉಂಗುರ ತೆಗೆದು ಹತ್ತಿ ಇಟ್ಟರು. ಅಳು ಮಾತ್ರ ಅದೇ ರಾಗದಲ್ಲಿ ಮುಂದುವರಿಯಿತು.

ಮೇಷ್ಟ್ರು ನೋಟ್‌ಬುಕ್ಕಿನಲ್ಲಿ, ನೋವು: ಇಲ್ಲ, ಎಂದು ಬರೆದರು. ಅದರ ಕೆಳಗೆ, ಅಳು: ಇದೆ, ಎಂದು ಬರೆದು, ಪೆನ್ನಿನ ಹಿಂಭಾಗದಿಂದ ತಲೆ ಕೆರೆದುಕೊಂಡರು. ಇದನ್ನು ಯಾವ ಭಾಗದ ದೋಷವೆಂದು ಬರೆಯಬೇಕು ಎಂದು ಮೆಲ್ಲಗೆ ಹೆಂಡತಿಯನ್ನು ಕೇಳಿದರು.

"ಅದು ಸೂಜಿದಲ್ಲ ಕಣ್ರೀ," ಎಂದರು ಸಿಸ್ಟರ್. ನೆಲದ ಮೇಲೆಯೇ ಕೂತು ಮಗುವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಅದನ್ನ ನನಗೆ ಬಿಡಿ."